ಬರೀ ಎಲೆ, ಬೇರು, ತೊಗಟೆ

ನನ್ನ ಕಣ್ಣು ತಪ್ಪಿಸಿ ನಮ್ಮ ಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದು ನಾನು ನಂಬಿದ್ದೆ. ಗ್ಯಾಸ್ ಆರಿದೆಯೇ ಎಂದು ಎರಡು ಸಲ ನೋಡುವವಳು, ಹಾಲಿನ ಪಾಕೀಟಿನ ತಾರೀಖು ಓದದೆ ಕತ್ತರಿ ಹಾಕದವಳು ನಾನು. ನನ್ನ ಕೆಲಸವೂ ಅಂಥದ್ದೇ. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ದಿನಕ್ಕೆ ನಲವತ್ತು ಬಾಟಲಿ ನಲ್ಲಿನೀರು ಪರೀಕ್ಷಿಸುತ್ತೇನೆ. ಫಲಿತಾಂಶ ಬರೆದ ಮೇಲೂ ಮಾದರಿಯನ್ನು ಏಳು ದಿನ ಚೆಲ್ಲಬಾರದು ಎಂಬುದು ಅಲ್ಲಿನ ನಿಯಮ. ಹನ್ನೆರಡು ವರ್ಷದಲ್ಲಿ ನಾನು ಒಂದು ಬಾಟಲಿಯನ್ನೂ ಅವಸರಪಟ್ಟು ಚೆಲ್ಲಿದವಳಲ್ಲ.

ನಾನು ಅಕ್ಕ ಭಾವನ ಜೊತೆ ಇರುತ್ತೇನೆ. ಕೆಳಗೆ ಅಕ್ಕನ ಹೊಲಿಗೆ ಅಂಗಡಿ, ಮೇಲೆ ಮನೆ. ಭಾವ ಬೇಕರಿಯೊಂದರ ಬ್ರೆಡ್ಡು ಹಂಚುವ ವ್ಯಾನು ಓಡಿಸುತ್ತಾರೆ. ನಾಲ್ಕನೆಯವನು ನಾಯಿ. ಮರಿಯಾಗಿದ್ದಾಗ ಅಕ್ಕ ಅವನನ್ನು ಲೈನಿಂಗ್ ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದಳು. ಬಂದ ದಿನವೇ ಅಳತೆ ಮೇಜಿನ ಕೆಳಗಿನ ಜಾಗ ಹಿಡಿದು, ಯಾರು ಕರೆದರೂ ಏಳದೆ ಮಲಗಿದ್ದಕ್ಕೆ ಭಾವ ಅವನಿಗೆ ದೊರೆ ಎಂದು ಹೆಸರಿಟ್ಟರು. ಈಗ ದೊರೆಗೆ ಹನ್ನೊಂದು ತುಂಬಿದೆ.

ಕಳೆದ ಬೇಸಿಗೆಯಿಂದ ಅವನು ನೀರು ಕುಡಿಯುವುದು ಹೆಚ್ಚಾಯಿತು. ನಾನು ಅಳತೆ ಜಾಡಿಯಲ್ಲಿ ನೀರು ಹಾಕಿ, ಉಳಿದದ್ದನ್ನು ಕಳೆದು, ದಿನವೂ ನೋಟ್‌ಬುಕ್ಕಿನಲ್ಲಿ ಬರೆದೆ. ಇಪ್ಪತ್ತೆರಡು ಕಿಲೋ ತೂಕದ ನಾಯಿ ದಿನಕ್ಕೆ ಮೂರೂವರೆ ಲೀಟರ್ ಕುಡಿಯುತ್ತಿತ್ತು. ಹೊಟ್ಟೆ ಜೋತುಬಿದ್ದಿತು. ಅಕ್ಕ ಟೇಪು ಹಿಡಿದು ನೋಡಿ, "ಐದಿಂಚು ಜಾಸ್ತಿ ಕಣೇ, ಇವನಿಗೆ ಪ್ಯಾಂಟು ಹೊಲಿದಿದ್ರೆ ಬಿಚ್ಚಿ ಹೊಲೀಬೇಕಿತ್ತು" ಎಂದಳು. ಪಕ್ಕೆಯ ಕೂದಲು ಉದುರಿತು, ಬಾಲ ಇಲಿಬಾಲವಾಯಿತು, ಕುಳಿತಲ್ಲೇ ಏದುಸಿರು. ಹಸಿವಂತೂ ಹೇಳತೀರದು. ಒಂದು ದಿನ ವ್ಯಾನಿನೊಳಗೆ ನುಗ್ಗಿ ಎರಡು ಬ್ರೆಡ್ಡನ್ನು ಕವರಿನ ಸಮೇತ ತಿಂದ.

"ತಿನ್ನಲಿ ಬಿಡಮ್ಮ ಇನ್‌ಸ್ಪೆಕ್ಟ್ರೇ, ವಯಸ್ಸಾದ ಮೇಲೆ ಹೊಟ್ಟೆ ಬರದೇ ಇರೋಕೆ ಅವನೇನು ಸಿನಿಮಾ ಹೀರೋನಾ" ಎಂದರು ಭಾವ. ನಾನು ಎಲ್ಲವನ್ನೂ ತಪಾಸಣೆ ಮಾಡುತ್ತೇನೆಂದು ಅವರು ನನ್ನನ್ನು ಕರೆಯುವುದೇ ಹಾಗೆ.

ನಾನು ಬಿಡಲಿಲ್ಲ. ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಆಕೆ ಮಿತಭಾಷಿ, ಮುಟ್ಟಿ ನೋಡುವುದು ಹೆಚ್ಚು. ಮುದಿ ನಾಯಿಗಳಲ್ಲಿ ಕಾಣುವ ಹಾರ್ಮೋನ್ ಕಾಯಿಲೆ ಇರಬಹುದು ಎಂದರು. ಕಿಡ್ನಿಯ ನೆತ್ತಿಯ ಮೇಲೆ ಕಡಲೆಕಾಳಿನಷ್ಟು ಗ್ರಂಥಿ ಇರುತ್ತದಂತೆ. ಅದು ಹದ್ದು ಮೀರಿ ಕೆಲಸ ಮಾಡಿದರೆ ಹೀಗೆಲ್ಲ ಆಗುತ್ತದಂತೆ. ಆ ಗ್ರಂಥಿಯನ್ನು ಕೆಣಕುವ ಇಂಜೆಕ್ಷನ್ ಕೊಟ್ಟು, ಮೊದಲೊಮ್ಮೆ ಮತ್ತು ಒಂದು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದರು.

ಗುರುವಾರ ಸಂಜೆ ಅವರ ಫೋನು ಬಂತು.

"ರಿಸಲ್ಟು ನಾನಂದುಕೊಂಡಿದ್ದಕ್ಕೆ ಉಲ್ಟಾ ಬಂದಿದೆ. ಗ್ರಂಥಿ ಜಾಸ್ತಿ ಕೆಲಸ ಮಾಡ್ತಿಲ್ಲ, ಪೂರ್ತಿ ಮಲಗಿಬಿಟ್ಟಿದೆ. ಅಂದ್ರೆ ಹಾರ್ಮೋನು ಹೊರಗಡೆಯಿಂದ ಹೋಗ್ತಿದೆ. ಏನು ಔಷಧಿ ಕೊಡ್ತಿದ್ದೀರಿ?"

"ಏನೂ ಇಲ್ಲ. ಅವನು ತಿನ್ನೋದೆಲ್ಲ ನಾನು ಬರೆದಿಡ್ತೀನಿ."

"ಬರೆಯದೇ ಇರೋದು ಏನಾದರೂ ಇದೆಯಾ, ಮನೇಲಿ ಕೇಳಿ. ನಾಳೆಯಿಂದ ನಾನು ಊರಲ್ಲಿರಲ್ಲ, ಸೋಮವಾರ ಬನ್ನಿ. ಏನಿದೆಯೋ ಅದನ್ನ ತಗೊಂಡು ಬನ್ನಿ. ಅಲ್ಲಿವರೆಗೆ ಏನನ್ನೂ ಬದಲಾಯಿಸಬೇಡಿ."

ಅದನ್ನೂ ನಾನು ಬರೆದುಕೊಂಡೆ. ಏನನ್ನೂ ಬದಲಾಯಿಸಬಾರದು. ನನ್ನದೇ ಕೈಬರಹ, ಈಗಲೂ ಆ ಪುಟದಲ್ಲಿದೆ.

ಅಂಗಡಿಗೆ ಇಳಿದೆ. ಅಕ್ಕ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಔಷಧಿ ಅಂತೇನಿಲ್ಲ. ಒಂದು ಪುಡಿ. ಅದು ನ್ಯಾಚುರಲ್."

ಮೇಜಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಗಳ ನಡುವೆ, ಇನ್ನೊಂದು ಡಬ್ಬಿ. ಒಳಗೆ ಹಸಿರು ಬಣ್ಣದ, ಹುಲ್ಲಿನ ವಾಸನೆಯ ಪುಡಿ. ಎಂಟು ತಿಂಗಳಿಂದ ಅದು ಅಲ್ಲಿತ್ತು. ಎಂಟು ತಿಂಗಳು ನಾನು ಅದೇ ಡ್ರಾಯರಿನಿಂದ ಸೂಜಿ ದಾರ ತೆಗೆದುಕೊಂಡಿದ್ದೆ.

ಮೂರು ಬೀದಿ ಆಚೆ ಸಾಕುಪ್ರಾಣಿಗಳ ಔಷಧಿ ಮಾರುವ ಒಬ್ಬರಿದ್ದಾರೆ. ಯಾವ ರೋಗ ಹೇಳಿದರೂ ಬೇರಿನ ಹೆಸರು ಎತ್ತುತ್ತಾರೆಂದು ಭಾವ ಅವರಿಗೆ ಬೇರಪ್ಪ ಎಂದು ಹೆಸರಿಟ್ಟಿದ್ದರು. ದೊರೆ ಚಳಿಗಾಲದಲ್ಲಿ ಮೈ ಕೆರೆದುಕೊಂಡು ಗಾಯ ಮಾಡಿಕೊಂಡಾಗ, ಬ್ಲೌಸು ಹೊಲಿಸಲು ಬಂದವರೊಬ್ಬರು ಅಕ್ಕನಿಗೆ ಅವರ ವಿಳಾಸ ಕೊಟ್ಟಿದ್ದರು. ಪುಡಿ ಕೊಟ್ಟ ಮೂರೇ ದಿನಕ್ಕೆ ಕೆರೆತ ನಿಂತಿತು.

"ಮೂರೇ ದಿನಕ್ಕೆ" ಎಂದಳು ಅಕ್ಕ. "ನಿನ್ನ ಡಾಕ್ಟ್ರು ಎರಡು ಶಾಂಪೂ ಬರೆದುಕೊಟ್ರು, ಏನಾಯ್ತು? ನೊರೆ ಬಂತು ಅಷ್ಟೆ."

"ನೀರು ಕುಡಿಯೋಕೆ ಶುರು ಮಾಡಿದಾಗಲಾದ್ರೂ ನಿಲ್ಲಿಸಬಾರದಿತ್ತಾ?"

"ಹೋಗಿ ಕೇಳಿದೆ ಕಣೇ. ಮುದಿ ನಾಯಿಗಳಿಗೆ ಹಾರ್ಮೋನ್ ದೋಷ ಬರುತ್ತೆ, ಇದೇ ಪುಡಿ ಅದಕ್ಕೂ ಆಗುತ್ತೆ, ಎರಡು ಚಮಚ ಮಾಡಿ ಅಂದ್ರು."

ರೋಗ ತರಿಸಿದ್ದು ಪುಡಿ. ರೋಗಕ್ಕೆ ಮದ್ದು ಅದೇ ಪುಡಿ, ಎರಡರಷ್ಟು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ? ನಿನಗೆ ಮಳೆನೀರಲ್ಲೂ ವಿಷ ಕಾಣುತ್ತೆ. ಕೆಮಿಕಲ್ಲು ಮುಟ್ಟಿ ಮುಟ್ಟಿ, ಕೆಮಿಕಲ್ಲು ಇಲ್ಲದ್ದರ ಮೇಲೆ ನಿನಗೆ ನಂಬಿಕೇನೇ ಇಲ್ಲ. ಅದು ಬರೀ ಎಲೆ, ಬೇರು, ತೊಗಟೆ."

ಆ ಕ್ಷಣ ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಕಿವಿಯೊಳಗೆ ಗುಂಯ್ಗುಟ್ಟಿದ್ದು ಇನ್ನೂ ನೆನಪಿದೆ. ಡಬ್ಬಿ ಎತ್ತಿಕೊಂಡು ಹಿಂದಿನ ಬಚ್ಚಲಿಗೆ ಹೋದೆ. ಪೂರ್ತಿ ಸುರಿದೆ. ಎರಡು ಬಕೆಟ್ ನೀರು ಹಾಕಿದೆ. ಡಬ್ಬಿಯನ್ನೂ ತೊಳೆದೆ, ಸೋಪು ಹಾಕಿ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಆಯ್ತಾ? ಸಮಾಧಾನ ಆಯ್ತಾ?"

ಆಗಿತ್ತು. ನಿಜ ಹೇಳಬೇಕಲ್ಲ, ತುಂಬಾ ಸಮಾಧಾನವಾಗಿತ್ತು. ಬದಲಾಯಿಸಬೇಡಿ ಎಂದರೆ ಅನ್ನ ನೀರನ್ನು ಬದಲಾಯಿಸಬೇಡಿ ಎಂದೇ ನಾನು ತಿಳಿದಿದ್ದೆ. ವಿಷವನ್ನು ಮುಂದುವರಿಸಿ ಎಂದು ಯಾವ ಡಾಕ್ಟರು ಹೇಳುತ್ತಾರೆ?

ಶುಕ್ರವಾರ ದೊರೆ ಮೂರು ಲೀಟರ್ ಕುಡಿದ. ಶನಿವಾರ ಎರಡು. ನಾನು ನೋಟ್‌ಬುಕ್ಕನ್ನು ಅಕ್ಕನ ಹೊಲಿಗೆ ಯಂತ್ರದ ಮೇಲೆ, ಅವಳ ಮೂಗಿನ ಕೆಳಗೇ ಬಿಡಿಸಿಟ್ಟೆ. "ಓದು" ಎಂದೆ. ಅವಳು ಓದಿ, ಪುಸ್ತಕವನ್ನು ಪಕ್ಕಕ್ಕೆ ಸರಿಸಿ, ಯಂತ್ರ ತುಳಿದಳು. ಭಾನುವಾರ ಒಂದು ಲೀಟರಿಗಿಂತ ಕಡಿಮೆ. ತಟ್ಟೆಯಲ್ಲಿ ಊಟವೂ ಅರ್ಧ ಉಳಿದಿತ್ತು. ಆ ಸುಳ್ಳು ಹಸಿವು ಇಳಿಯುತ್ತಿದೆ ಎಂದು ಬರೆದುಕೊಂಡೆ. ಸೊನ್ನೆಯತ್ತ ಓಡುತ್ತಿದ್ದ ಅಂಕಿಗಳನ್ನು ನೋಡಿ ಗೆದ್ದೆನೆಂದುಕೊಂಡೆ. ಅಳತೆ ಜಾಡಿಯ ಮೇಲಿದ್ದ ಕಣ್ಣು ಒಮ್ಮೆ ನಾಯಿಯ ಮುಖದ ಮೇಲೆ ಇದ್ದಿದ್ದರೆ ಸಾಕಿತ್ತು.

ಸೋಮವಾರ ಬೆಳಿಗ್ಗೆ ಅವನು ಏಳಲಿಲ್ಲ. ಮೇಜಿನ ಕೆಳಗೆ ವಾಂತಿಯಾಗಿತ್ತು. ಎಬ್ಬಿಸಿದರೆ ಹಿಂಗಾಲು ನಡುಗಿ ಕುಸಿದವು. ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು, ಕಿವಿ ತಣ್ಣಗಿದ್ದವು. ಭಾವ ಬ್ರೆಡ್ಡಿನ ಟ್ರೇಗಳನ್ನು ರಸ್ತೆಯ ಮೇಲೇ ಇಳಿಸಿ, ವ್ಯಾನಿನೊಳಗೆ ಅವನನ್ನು ಮಲಗಿಸಿದರು. ದಾರಿಯುದ್ದಕ್ಕೂ ಅಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಾಲ್ಕು ದಿನದ ಹಿಂದೆ ಬ್ರೆಡ್ಡು ಕದೀತಿದ್ದ, ನಾಲ್ಕೇ ದಿನದ ಹಿಂದೆ" ಎಂದು ಹೇಳುತ್ತಲೇ ಇದ್ದಳು. ನನ್ನ ಕಡೆ ನೋಡಿ ಹೇಳಿದ್ದಲ್ಲ. ನನಗೇ ಹೇಳಿದ್ದು.

ಡಾಕ್ಟರು ಅವನನ್ನು ನೋಡಿ ಮೊದಲು ಕೇಳಿದ್ದು, "ಏನು ಕೊಡ್ತಿದ್ರಿ, ಸಿಕ್ಕಿತಾ?"

"ಒಂದು ಪುಡಿ. ಎಂಟು ತಿಂಗಳಿಂದ ಕೊಡ್ತಿದ್ರಂತೆ. ಗುರುವಾರವೇ ನಿಲ್ಲಿಸಿದ್ವಿ. ಚೆಲ್ಲಿದೆ."

"ಚೆಲ್ಲಿದ್ರಾ?" ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಬೇಗಬೇಗ ಸೂಜಿ ಚುಚ್ಚಿ, ಡ್ರಿಪ್ ಹಾಕಿ, ಇನ್ನೊಂದು ಇಂಜೆಕ್ಷನ್ ಕೊಟ್ಟರು. ಮಾತು ಬಂದದ್ದು ಅವನ ಉಸಿರು ಹತೋಟಿಗೆ ಬಂದ ಮೇಲೆ.

"ಅದರಲ್ಲಿ ಸ್ಟೆರಾಯ್ಡ್ ಇರಬೇಕು, ಆ ಗ್ರಂಥಿ ಮಾಡೋ ಹಾರ್ಮೋನಿನಂಥದ್ದೇ. ಹೊರಗಡೆಯಿಂದ ದಿನಾ ಬರ್ತಿದ್ದರೆ ಒಳಗಿನ ಗ್ರಂಥಿ ತನಗೇನು ಕೆಲಸ ಅಂತ ಮಲಗಿಬಿಡುತ್ತೆ. ಎಂಟು ತಿಂಗಳು ಮಲಗಿದ್ದು ಒಂದೇ ದಿನಕ್ಕೆ ಏಳಲ್ಲ. ನೀವು ಹೊರಗಿನದನ್ನ ಥಟ್ಟನೆ ನಿಲ್ಲಿಸಿದ್ರಿ, ಒಳಗಿನದು ಇಲ್ಲವೇ ಇಲ್ಲ. ಮೈ ಬರಿದಾಯ್ತು. ಇದನ್ನ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಮಾಳಿಗೆಯಿಂದ ದಬ್ಬಬಾರದು."

"ಬದುಕ್ತಾನಾ?" ಅಕ್ಕ ಕೇಳಿದಳು.

"ಇವತ್ತು ದಾಟಿದ್ರೆ ಹೇಳ್ತೀನಿ. ದಾಟಿದ ಮೇಲೂ ಎಷ್ಟರಿಂದ ಇಳಿಸಬೇಕು ಅನ್ನೋದು ಗೊತ್ತಾಗಬೇಕು. ದಿನಕ್ಕೆ ಎಷ್ಟು ಕೊಡ್ತಿದ್ರಿ?"

"ಬೆಳಿಗ್ಗೆ ಎರಡು ಚಮಚ" ಎಂದಳು ಅಕ್ಕ.

ಬಾಗಿಲ ಬಳಿ ನಿಂತಿದ್ದ ಭಾವ ಕೆಮ್ಮಿದರು. "ಸಂಜೆ ನಾನೂ... ಬ್ರೆಡ್ಡಿನೊಳಗಿಟ್ಟು ಒಂದು ಚಮಚ. ಅದು ತಿಂದ್ರೆ ಚೆನ್ನಾಗಿ ನಡೀತಿದ್ದ. ನೀನು ಮರೀತೀಯೇನೋ ಅಂತ."

"ನಾನು ಯಾವತ್ತು ಮರೆತಿದ್ದೀನಿ?"

"ಮೊನ್ನೆ ಒಲೆ ಮೇಲೆ ಹಾಲಿಟ್ಟು ಮರೆತೆಯಲ್ಲ."

"ಹಾಲೂ ಇದೂ ಒಂದೇ ಏನ್ರೀ?"

ಡಾಕ್ಟರು ಕೈ ಎತ್ತಿ ಇಬ್ಬರನ್ನೂ ನಿಲ್ಲಿಸಿದರು. "ಪುಡಿ ಇದ್ದಿದ್ದರೆ ಲ್ಯಾಬಿಗೆ ಕಳಿಸಿ ಯಾವುದು, ಎಷ್ಟು ಅಂತ ತಿಳೀಬಹುದಿತ್ತು" ಎಂದರು ನನ್ನನ್ನು ನೋಡಿ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಊರ ನೀರಿನ ಮಾದರಿಗಳನ್ನೆಲ್ಲ ಏಳು ದಿನ ಕಾಯುವವಳು, ನಮ್ಮ ಮನೆಯ ಮಾದರಿಯನ್ನು ಸೋಪು ಹಾಕಿ ತೊಳೆದಿದ್ದೆ.

ಹೊರಗಿನ ಬೆಂಚಿನ ಮೇಲೆ ಅಕ್ಕ ನನ್ನ ಪಕ್ಕ ಕುಳಿತಳು. "ನಾನು ಎಂಟು ತಿಂಗಳು ಕೊಟ್ಟೂ ಅವನು ಓಡಾಡ್ಕೊಂಡಿದ್ದ. ನೀನು ನಾಲ್ಕು ದಿನದಲ್ಲಿ ಮಲಗಿಸಿದೆ" ಎಂದಳು. ನನ್ನ ಬಳಿ ಉತ್ತರವಿತ್ತು, ಒಂದಲ್ಲ, ಹತ್ತು. ಆದರೆ ಒಳಗಿನಿಂದ ಡ್ರಿಪ್ಪಿನ ಕಂಬ ಸರಿಸುವ ಸದ್ದು ಕೇಳಿತು, ಇಬ್ಬರೂ ಒಟ್ಟಿಗೆ ಎದ್ದು ನಿಂತೆವು.

ದೊರೆ ಆ ದಿನ ದಾಟಿದ. ಮರುದಿನ ಬೆಳಿಗ್ಗೆ ನಾವಿಬ್ಬರೂ ಬೇರಪ್ಪನ ಅಂಗಡಿಗೆ ಹೊರಟೆವು. ದಾರಿಯಲ್ಲಿ ಅಕ್ಕ, "ನೀನು ಬಾಯಿ ಬಿಡಬೇಡ. ನಿನ್ನ ಮುಖ ನೋಡಿದ್ರೇನೇ ಅವರು ಶಟರ್ ಎಳೀತಾರೆ. ಪುಡಿ ಮುಗೀತು ಅಂತ ನಾನೇ ಕೇಳ್ತೀನಿ" ಎಂದಳು. ಅವಳಿಗೆ ಆಗಲೂ ಪುಡಿಯ ಮೇಲೆ ಪೂರ್ತಿ ಅಪನಂಬಿಕೆ ಬಂದಿರಲಿಲ್ಲ. ಡಾಕ್ಟರು 'ಇರಬೇಕು' ಎಂದದ್ದನ್ನು ಅವಳು ಹಿಡಿದುಕೊಂಡಿದ್ದಳು. ಲ್ಯಾಬಿನಲ್ಲಿ ಎಲೆ, ಬೇರು ಅಂತಲೇ ಬಂದರೆ ನನ್ನ ಮುಖ ಹೇಗಾಗುತ್ತದೆ ನೋಡಬೇಕು ಎಂಬ ಆಸೆಯೂ ಇತ್ತೇನೋ.

ಅಂಗಡಿ ಚೊಕ್ಕಟವಾಗಿತ್ತು. ಗಾಜಿನ ಜಾಡಿಗಳಲ್ಲಿ ಒಣಗಿದ ಬೇರುಗಳು, ಗೋಡೆಯ ಮೇಲೆ ನಗುವ ನಾಯಿಗಳ ಫೋಟೋಗಳು, ನಡುವೆ ದಪ್ಪ ಅಕ್ಷರದ ಬೋರ್ಡು: ನೈಸರ್ಗಿಕ. ಬೇರಪ್ಪ ಬಿಳಿ ಕೋಟು ತೊಟ್ಟು ಕುಳಿತಿದ್ದರು. ಅದರ ಕಾಲರನ್ನು ಅಕ್ಕನೇ ಒಮ್ಮೆ ತಿರುಗಿಸಿ ಹೊಲಿದುಕೊಟ್ಟಿದ್ದಳು.

"ಬನ್ನಿ ತಾಯಿ. ಹೇಗಿದ್ದಾನೆ ನಮ್ಮ ಹುಡುಗ?"

"ಪುಡಿ ಮುಗೀತು. ಇನ್ನೊಂದು ಪೊಟ್ಟಣ ಕೊಡಿ."

ಅವರು ಹಿಂದಿನ ಕೋಣೆಗೆ ಹೋಗಿ ಪೊಟ್ಟಣ ತಂದರು. ಹೆಸರಿಲ್ಲ, ಚೀಟಿಯಿಲ್ಲ, ಬಿಳಿ ಕಾಗದದ ಮಡಿಕೆ. ಅಕ್ಕ ಅದನ್ನು ಕೈಚೀಲಕ್ಕೆ ಹಾಕಿಕೊಂಡಳು. ಅಲ್ಲಿಗೆ ನಮ್ಮ ಕೆಲಸ ಮುಗಿದಿತ್ತು. ನಾನು ಹೊರಡುವಂತೆ ಅವಳ ಸೆರಗು ಎಳೆದೆ. ಅವಳು ಕದಲಲಿಲ್ಲ.

"ಇದನ್ನ ಒಂದು ವಾರ ನಿಲ್ಲಿಸಿದ್ರೆ ಏನಾದ್ರೂ ತೊಂದರೆ ಇದೆಯಾ? ನಾವೆಲ್ಲ ಊರಿಗೆ ಹೋಗೋದಿದೆ" ಎಂದಳು.

"ಅಯ್ಯೋ, ಬೇಡ ತಾಯಿ" ಎಂದರು ಬೇರಪ್ಪ ತಕ್ಷಣ. "ಒಂದೇ ಸಲ ನಿಲ್ಲಿಸಬಾರದು. ನಿಲ್ಲಿಸಬೇಕಾದ್ರೆ ಎರಡು ಚಮಚದಿಂದ ಒಂದೂವರೆ, ಒಂದು, ಅರ್ಧ, ಹೀಗೆ ಮೆಲ್ಲಮೆಲ್ಲಗೆ ಇಳಿಸಬೇಕು. ಊರಿಗೆ ಹೋದ್ರೆ ಜೊತೇಲೇ ತಗೊಂಡು ಹೋಗಿ."

ನಾನು ಅಕ್ಕನನ್ನು ನೋಡಿದೆ. ಅವಳ ಮುಖ, ಬಟ್ಟೆ ತಪ್ಪಾಗಿ ಕತ್ತರಿಸಿದ ಮೇಲೆ ಆಗುತ್ತದಲ್ಲ, ಹಾಗಾಗಿತ್ತು.

"ಯಾಕೆ?" ಎಂದಳು.

"ಯಾಕೆ ಅಂದ್ರೆ? ಮೈಗೆ ಒಗ್ಗಿರುತ್ತಲ್ಲ."

"ಬರೀ ಎಲೆ, ಬೇರು, ತೊಗಟೆ ಅಂದಿದ್ರಿ. ಸೊಪ್ಪು ತಿನ್ನೋದು ಬಿಡೋಕೆ ಯಾರಾದ್ರೂ ಅರ್ಧ ಚಮಚ ಕಾಲು ಚಮಚ ಲೆಕ್ಕ ಹಾಕ್ತಾರಾ?"

"ನೈಸರ್ಗಿಕ ಔಷಧಿಗೂ ಶಕ್ತಿ ಇರುತ್ತೆ ತಾಯಿ."

"ಒಂದೇ ಸಲ ನಿಲ್ಲಿಸಿದ್ರೆ ನಾಯಿ ಸಾಯುತ್ತೆ ಅಂತ ನಿಮಗೆ ಗೊತ್ತಿತ್ತು."

"ಸಾಯುತ್ತೆ ಅಂತ ನಾನೆಲ್ಲಿ ಹೇಳಿದೆ?"

"ಮೊದಲನೇ ದಿನ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ." ಬೇರಪ್ಪ ಈಗ ನನ್ನ ಕಡೆಗೂ ಒಂದು ನೋಟ ಹರಿಸಿದರು. "ನೋಡಿ, ಇಂಗ್ಲಿಷ್ ಡಾಕ್ಟ್ರ ಹತ್ತಿರ ಹೋಗಿ ಇಂಜೆಕ್ಷನ್ ಹಾಕಿಸಿರ್ತೀರಿ. ಅದರಿಂದ ಕೆಟ್ಟಿದ್ದಕ್ಕೆ ನನ್ನ ಹತ್ತಿರ ಬಂದು ಜಗಳ ಆಡಬೇಡಿ. ಮುದಿ ನಾಯಿ. ಅದಕ್ಕೆ ವಯಸ್ಸೇ ಕಾಯಿಲೆ."

ಉತ್ತರ ನನ್ನ ಬಾಯಿಯ ತನಕ ಬಂದಿತ್ತು. ಆದರೆ ಅಕ್ಕ ಮಾತಾಡುತ್ತಿದ್ದಳು, ನಾನು ಅವಳ ಬಾಯಿಂದ ಹಿಂದೆಂದೂ ಕೇಳದಷ್ಟು ಮೆಲ್ಲಗೆ.

"ನೀರು ಜಾಸ್ತಿ ಕುಡೀತಾನೆ ಅಂತ ನಾನು ಇದೇ ಜಾಗದಲ್ಲಿ ನಿಂತು ಹೇಳಿದೆ. ನಿಮಗೆ ಆಗಲೇ ಗೊತ್ತಾಯ್ತು, ಯಾಕೆ ಕುಡೀತಾನೆ ಅಂತ. ಗೊತ್ತಾಗಿ ಎರಡು ಚಮಚ ಮಾಡಿ ಅಂದ್ರಿ. ನಿಮ್ಮ ಕಾಲರು ಹರಿದಾಗ ನಾನು ಹೊಸ ಬಟ್ಟೆ ಅಂತ ಸುಳ್ಳು ಹೇಳಿ ಹಳೇದನ್ನ ಹಚ್ಚಿಲ್ಲ."

ಬೇರಪ್ಪ ಕುರ್ಚಿಯಿಂದ ಎದ್ದರು. ಅವರು ಹೊರಗೆ ಹೋಗಿ ಎನ್ನುವ ಮೊದಲೇ ನಾವು ಮೆಟ್ಟಿಲು ಇಳಿದಿದ್ದೆವು.

ಡಾಕ್ಟರು ಲ್ಯಾಬಿಗೆ ಕಳಿಸಿದ ಪುಡಿಯ ವರದಿ ಹತ್ತು ದಿನಕ್ಕೆ ಬಂತು. ಹಸಿರು ಎಂಬುದೆಲ್ಲ ಒಣಗಿದ ಸೊಪ್ಪು, ಯಾವ ಸೊಪ್ಪಾದರೂ ಆಗಬಹುದು. ಕೆಲಸ ಮಾಡುತ್ತಿದ್ದದ್ದು ಅದರಲ್ಲಿ ಅರೆದು ಬೆರೆಸಿದ್ದ ಸ್ಟೆರಾಯ್ಡ್ ಮಾತ್ರೆ. ಎಷ್ಟೆಂಬುದು ತಿಳಿದ ಮೇಲೆ ಡಾಕ್ಟರು ಅದೇ ಔಷಧಿಯ ಮಾತ್ರೆಯನ್ನು ಹಂತಹಂತವಾಗಿ ಇಳಿಸುವ ಪಟ್ಟಿ ಬರೆದುಕೊಟ್ಟರು, ಐದು ತಿಂಗಳಿಗೆ. ಯಾವ ವಿಷವನ್ನು ನಾನು ಬಚ್ಚಲಿಗೆ ಸುರಿದಿದ್ದೆನೋ ಅದನ್ನೇ ಈಗ ನನ್ನ ಕೈಯಾರೆ ಗಂಟೆ ನೋಡಿ ತಿನ್ನಿಸಬೇಕು. ಜೊತೆಗೆ ಇನ್ನೂ ಕೆಲವು ಮಾತು ಹೇಳಿದರು: ಹೊತ್ತಿಗೆ ಸರಿಯಾಗಿ ಅಳೆದ ಊಟ, ಕೊಬ್ಬು ಕಡಿಮೆ. ಬಿಸಿಲಿಲ್ಲದಾಗ ಎರಡು ಸಲ ಸ್ವಲ್ಪ ದೂರ ನಡಿಗೆ. ನುಣುಪು ನೆಲದ ಮೇಲೆ ಹಳೆಯ ಜಮಖಾನೆ. ನೀರಿನ ಬಟ್ಟಲು ಯಾವಾಗಲೂ ತುಂಬಿರಲಿ.

"ಇದೆಲ್ಲ ನ್ಯಾಚುರಲ್ಲೇ ಅಲ್ವಾ ಡಾಕ್ಟ್ರೇ?" ಅಕ್ಕ ತಗ್ಗಿದ ದನಿಯಲ್ಲಿ ಕೇಳಿದಳು.

"ಹೌದು. ಆದ್ರೆ ಇದನ್ನ ಪೊಟ್ಟಣ ಕಟ್ಟಿ ಮಾರೋಕಾಗಲ್ಲ ನೋಡಿ."

ದೂರು ಕೊಡಲು ನಾನು ಮೂರು ಕಚೇರಿ ಅಲೆದೆ. ಔಷಧಿಗಳ ಕಚೇರಿಯಲ್ಲಿ, ರೋಗಿಯ ಹೆಸರು ಎಂಬಲ್ಲಿ ದೊರೆ ಎಂದೂ ವಯಸ್ಸು ಹನ್ನೊಂದು ಎಂದೂ ಬರೆದದ್ದನ್ನು ನೋಡಿ ಗುಮಾಸ್ತರು ಮಗುವೆಂದುಕೊಂಡು ಗಾಬರಿಯಾದರು, ನಾಯಿ ಎಂದು ತಿಳಿದ ಕೂಡಲೇ ಫಾರಂ ವಾಪಸು ಕೊಟ್ಟರು. ಪಶು ಇಲಾಖೆಯಲ್ಲಿ, ಚೀಟಿ ಅಂಟಿಸದ ಪೊಟ್ಟಣ ಔಷಧಿಯೇ ಅಲ್ಲ, ಆದ್ದರಿಂದ ಅದು ಕಲಬೆರಕೆ ಔಷಧಿಯೂ ಅಲ್ಲ ಎಂದರು. ಮೂರನೆಯ ಕಚೇರಿಯವರು ವರದಿಯ ಪ್ರತಿ ತೆಗೆದುಕೊಂಡು ಮುದ್ರೆ ಒತ್ತಿದ್ದಾರೆ. ಪ್ರತಿ ಬುಧವಾರ ಹೋಗಿ ಏನಾಯಿತೆಂದು ಕೇಳುತ್ತೇನೆ. ನಾನು ಬರುವುದು ಕಂಡರೆ ಅವರು ಫೋನು ಕಿವಿಗಿಟ್ಟುಕೊಳ್ಳುತ್ತಾರೆ. ಮುಗಿಯುವ ತನಕ ನಿಲ್ಲುತ್ತೇನೆ. ಬೇರಪ್ಪನ ಅಂಗಡಿ ಇನ್ನೂ ತೆರೆದೇ ಇದೆ. ಬೋರ್ಡು ಮಾತ್ರ ಬದಲಾಗಿದೆ: ಶೇಕಡಾ ನೂರು ನೈಸರ್ಗಿಕ.

ಅಕ್ಕನದು ಬೇರೆ ದಾರಿ. ಅಳತೆ ಕೊಡಲು ಬಂದವರನ್ನು ಗುಂಡುಸೂಜಿ ಚುಚ್ಚಿ ನಿಲ್ಲಿಸಿ, ಕಥೆ ಶುರು ಮಾಡುತ್ತಾಳೆ. ಮೈತುಂಬ ಸೂಜಿ ಇರುವಾಗ ಯಾರೂ ಓಡಲಾಗುವುದಿಲ್ಲ. ಎರಡು ಚಮಚ ಕೊಟ್ಟದ್ದು ತಾನೇ ಎಂಬುದನ್ನೂ ಅವಳು ಬಿಡದೆ ಹೇಳುತ್ತಾಳೆ. ನಾನು ಚೆಲ್ಲಿದ್ದನ್ನು ಹೇಳುವುದಿಲ್ಲ. ಆ ಭಾಗ ಬಂದಾಗ, "ಆಮೇಲೆ ಪುಡಿ ನಿಂತುಹೋಯ್ತು" ಎಂದು ದಾರ ಕಚ್ಚಿ ಕತ್ತರಿಸುತ್ತಾಳೆ.

ಮೂರನೆಯ ತಿಂಗಳು ಮತ್ತೆ ರಕ್ತ ಪರೀಕ್ಷೆ ಆಯಿತು. ಗ್ರಂಥಿ ಕಣ್ಣು ಬಿಡುತ್ತಿದೆ, ಪೂರ್ತಿ ಎದ್ದಿಲ್ಲ, ಏಳದೆಯೂ ಇರಬಹುದು, ಮಾತ್ರೆ ನಿಲ್ಲಿಸುವ ಹಾಗಿಲ್ಲ ಎಂದರು ಡಾಕ್ಟರು. ದೊರೆಯ ಪಕ್ಕೆಯಲ್ಲಿ ಮೆತ್ತನೆಯ ಕೂದಲು ಬಂದಿದೆ. ಕೆರೆತವೂ ವಾಪಸು ಬಂದಿದೆ. ಅವನು ಮೇಜಿನ ಕಾಲಿಗೆ ಬೆನ್ನು ಉಜ್ಜುವಾಗ ಅಕ್ಕ ಯಂತ್ರ ನಿಲ್ಲಿಸಿ, ಒದ್ದೆ ಬಟ್ಟೆ ತಂದು ಒರೆಸುತ್ತಾಳೆ, ಅವನಿಗೆ ಸಾಕಾಗುವ ತನಕ.

ನಿನ್ನೆ ಹಾಗೆ ಒರೆಸುತ್ತಾ ನನ್ನ ಕಡೆ ತಿರುಗದೆ ಕೇಳಿದಳು:

"ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?"

"ಇದೆ."

"ನನಗೂ ಇದೆ ನಿನ್ನ ಮೇಲೆ."

"ಗೊತ್ತು."

"ಸರಿ ಹಾಗಾದ್ರೆ. ಎಂಟು ಗಂಟೆ ಆಯ್ತು, ಅವನ ಬಾಯಿ ಹಿಡ್ಕೋ, ನಾನು ಮಾತ್ರೆ ಹಾಕ್ತೀನಿ."